ನಿಧಾನಕ್ಕೆ ಕೊಡಿ

ಅತ್ತೆಯ ಕೈಯಲ್ಲಿ ನರ ಇರಲಿಲ್ಲ.

ಇರಲಿಲ್ಲ ಎಂದರೆ ಸಿಸ್ಟರ್‌ಗೆ ಸಿಗಲಿಲ್ಲ. ರಬ್ಬರ್ ಪಟ್ಟಿ ಬಿಗಿದಳು, ಮೊಣಕೈ ಮಡಿಕೆಯ ಮೇಲೆ ಎರಡು ಬೆರಳಿನಿಂದ ತಟ್ಟಿದಳು, "ಮುಷ್ಟಿ ಬಿಗಿ ಹಿಡೀರಿ ಅಜ್ಜಿ" ಎಂದಳು, ಚುಚ್ಚಿದಳು. ಸೂಜಿ ಹೋಯಿತು, ರಕ್ತ ಬರಲಿಲ್ಲ. ಇನ್ನೊಂದು ಕೈಗೆ ಬಂದಳು. ಅಲ್ಲೂ ಅದೇ ಕತೆ. ಬೆಳಗಿನ ಜಾವ ಬಚ್ಚಲಲ್ಲಿ ಕಾಫಿ ಗಸಿಯ ಹಾಗೆ ಕಪ್ಪಗೆ ವಾಂತಿ ಮಾಡಿಕೊಂಡು, ಬಾಗಿಲಿಗೆ ಒರಗಿ ಹಾಗೇ ಕೆಳಗೆ ಜಾರಿದವರು ಅತ್ತೆ. ಮೈಯಲ್ಲಿ ರಕ್ತ ಕಡಿಮೆಯಾದರೆ ನರಗಳೂ ಒಳಗೆ ಸರಿದುಬಿಡುತ್ತವೆ ಎಂದು ಸಿಸ್ಟರ್ ಯಾರಿಗೂ ಅಲ್ಲವೆಂಬಂತೆ ಹೇಳಿಕೊಂಡಳು. ಸೊಸೆ ಮಂಚದ ಈಚೆ ನಿಂತು ಅತ್ತೆಯ ಖಾಲಿ ಕೈಯನ್ನು ಹಿಡಿದುಕೊಂಡಿದ್ದಳು. ಆಗಷ್ಟೇ ತೊಳೆದಿಟ್ಟ ಪಾತ್ರೆಯ ಹಾಗೆ ತಣ್ಣಗಿತ್ತು ಅದು.

"ಸೂಜಿ ಹಿಡಿಯೋದು ಹೀಗಾ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ನಾನು ಹುಟ್ಟಾ ಸೂಜಿ ಹಿಡಿದವಳು. ಈ ಕೈ ಬಟ್ಟೆ ಆಗಿದ್ದಿದ್ರೆ ಇಷ್ಟೊತ್ತಿಗೆ ಜಾಲರಿ ಆಗಿರ್ತಿತ್ತು."

"ಮಾತಾಡಬೇಡಿ ಅಜ್ಜಿ, ಸುಸ್ತಾಗತ್ತೆ."

"ಅಜ್ಜಿಯಂತೆ. ಯಾರಿಗೆ ಅಜ್ಜಿ ನಾನು? ಇವಳು ಇನ್ನೂ ಒಂದು ಹೆತ್ತು ಕೊಟ್ಟಿಲ್ಲ ನನಗೆ."

ಸೊಸೆ ಸಿಸ್ಟರ್‌ನ ಮುಖ ನೋಡಲಿಲ್ಲ. ಈ ಮಾತು ಮನೆಯಲ್ಲಿ ದಿನಾ ಕೇಳುವಂಥದ್ದು. ಅಲ್ಲಿ ಕೇಳಿದಾಗ ಮೈ ಉರಿಯುತ್ತಿತ್ತು. ಇಲ್ಲಿ ಕೇಳಿದಾಗ ಸದ್ಯ, ಬಾಯಿ ಇನ್ನೂ ನಡೆಯುತ್ತಿದೆಯಲ್ಲ ಎನ್ನಿಸಿತು.

ಅತ್ತೆ ಶಾಲೆಯ ಯೂನಿಫಾರ್ಮ್ ಹೊಲಿಯುವವರು. ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ನು, ಅದರ ಸುತ್ತ ನೀಲಿ ಬಟ್ಟೆಯ ಥಾನುಗಳು, ನೆಲದ ತುಂಬ ದಾರದ ತುಣುಕು. ಶಾಲೆ ಶುರುವಾಗುವ ಮುಂಚಿನ ದಿನಗಳಲ್ಲಿ ಊಟಕ್ಕೂ ಏಳುತ್ತಿರಲಿಲ್ಲ. ಮಂಡಿ ನೋವು ಬಂದ ಮೇಲೂ ತುಳಿಯುವುದು ನಿಲ್ಲಲಿಲ್ಲ. ಸೊಸೆಯ ಕೆಲಸ ಮೆಡಿಕಲ್ ಶಾಪಿನ ಕೌಂಟರಿನಲ್ಲಿ. ನೋವಿನ ಮಾತ್ರೆ ತಂದುಕೊಟ್ಟವಳು ಅವಳೇ. ಊಟ ಆದಮೇಲೆ ಒಂದು, ನೆನಪಿರಲಿ, ಎಂದು ಹೇಳಿಯೇ ಕೊಟ್ಟಿದ್ದಳು. ಅತ್ತೆ ಖಾಲಿ ಹೊಟ್ಟೆಯಲ್ಲಿ ಎರಡು ನುಂಗುತ್ತಿದ್ದರು. ಯಾಕೆ ಎಂದರೆ, "ಮಂಡಿಗೊಂದು. ನನಗಿರೋದು ಎರಡು ಮಂಡಿ" ಎನ್ನುತ್ತಿದ್ದರು. ಹೊಟ್ಟೆ ಉರಿ ಶುರುವಾದಾಗ ಗ್ಯಾಸ್ ಎಂದರು. ಬೆನ್ನಿಗೆ ಹೊಡೆದ ಹಾಗೆ ನೋವು ಬಂದಾಗಲೂ ಗ್ಯಾಸ್ ಎಂದರು. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಾಗ ಮಾತ್ರ ಏನೂ ಅನ್ನಲಿಲ್ಲ.

ಗಂಡ ಲಾರಿ ಓಡಿಸುತ್ತಿದ್ದ. ಪ್ಲೈವುಡ್ ಲೋಡು ತುಂಬಿಕೊಂಡು ಹಿಂದಿನ ದಿನವೇ ಹೋಗಿದ್ದ. ಹಾಗಾಗಿ ಆಟೋ ಹುಡುಕಿದ್ದು, ಅತ್ತೆಯನ್ನು ಎತ್ತಿ ಕೂರಿಸಿದ್ದು, ಈ ಎರಡು ಅಂತಸ್ತಿನ ನರ್ಸಿಂಗ್ ಹೋಮಿಗೆ ತಂದು ಸೇರಿಸಿದ್ದು, ಅವನಿಗೆ ಫೋನು ಮಾಡಿ ತಿಳಿಸಿದ್ದು ಎಲ್ಲ ಸೊಸೆಯ ತಲೆಯ ಮೇಲೆ ಬಿತ್ತು.

ಡಾಕ್ಟರು ಒಂದು ಕಡೆ ನಿಂತು ಮಾತಾಡುವ ಮನುಷ್ಯನಲ್ಲ. ಮಾತಾಡುವಾಗ ಅರ್ಧ ಮೈ ಬಾಗಿಲ ಆಚೆ ಇರುತ್ತಿತ್ತು. ಆದರೂ ಹೇಳಿದ್ದು ಸ್ಪಷ್ಟವಾಗಿತ್ತು.

"ನೋಡಮ್ಮ, ಹೊಟ್ಟೆಯೊಳಗೆ ಹುಣ್ಣಾಗಿದೆ. ಹುಣ್ಣಿನ ಬುಡದಲ್ಲಿ ಒಂದು ರಕ್ತನಾಳ ಬಾಯಿ ಬಿಟ್ಟಿದೆ. ಈಗ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂತಿದೆ. ಹೊಟ್ಟೆಯಲ್ಲಿರೋ ಆಸಿಡ್ ಆ ಮುಚ್ಚಳಾನ ಕರಗಿಸತ್ತೆ. ಅದಕ್ಕೇ ಆಸಿಡ್ ಕಡಿಮೆ ಮಾಡೋ ಇಂಜೆಕ್ಷನ್ ಕೊಡ್ತೀವಿ, ನರಕ್ಕೆ. ಸಂಜೆ ಸ್ಕೋಪ್ ಡಾಕ್ಟ್ರು ಬರ್ತಾರೆ, ಬಾಯಿಂದ ಪೈಪ್ ಇಳಿಸಿ ನಾಳಾನ ಮುಚ್ತಾರೆ. ಅಲ್ಲಿವರೆಗೆ ಮುಚ್ಚಳ ನಿಂತ್ಕೋಬೇಕು."

"ನಿಲ್ಲದಿದ್ರೆ?"

"ನಿಲ್ಲಬೇಕು" ಎಂದು ಡಾಕ್ಟರು ಉಳಿದರ್ಧ ಮೈಯನ್ನೂ ಆಚೆ ಎಳೆದುಕೊಂಡು ಹೋದರು.

ಕೊನೆಗೂ ಅಂಗೈ ಹಿಂಭಾಗದಲ್ಲಿ ಒಂದು ಸಣ್ಣ ನರ ಸಿಕ್ಕಿತು. ಸಿಸ್ಟರ್ ಅದಕ್ಕೆ ಸೂಜಿ ಕೂರಿಸಿ ಪ್ಲಾಸ್ಟರ್ ಅಂಟಿಸಿದಳು. ರಾತ್ರಿಯಿಡೀ ಡ್ಯೂಟಿ ಮಾಡಿದ ಕಣ್ಣು, ಕೆಂಪಗಾಗಿತ್ತು. ಅವಳು ತಟ್ಟೆಯಿಂದ ಎತ್ತಿಕೊಂಡ ಗಾಜಿನ ಆಂಪೂಲು ಸೊಸೆಗೆ ಗುರುತಿನದೇ. ಅದರ ಡಬ್ಬ ಅಂಗಡಿಯ ಯಾವ ಅರೆಯಲ್ಲಿದೆ, ಒಂದಕ್ಕೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಅದು ಮೈಯೊಳಗೆ ಹೋಗುವುದನ್ನು ಮಾತ್ರ ಯಾವತ್ತೂ ನೋಡಿರಲಿಲ್ಲ. ಸಿಸ್ಟರ್ ಆಂಪೂಲಿನ ಕತ್ತು ಮುರಿದಳು, ಸಣ್ಣ ಸಿರಿಂಜಿಗೆ ಎಳೆದುಕೊಂಡಳು. ಅಷ್ಟರಲ್ಲಿ ಹೆರಿಗೆ ಕೋಣೆಯ ಕಡೆಯಿಂದ ಆಯಾ "ಸಿಸ್ಟರ್, ಬೇಗ ಬನ್ನೀ" ಎಂದು ಕೂಗಿದಳು. "ಬಂದೇ" ಎಂದ ಸಿಸ್ಟರ್ ಸಿರಿಂಜನ್ನು ಚುಚ್ಚಿ ಹೆಬ್ಬೆರಳಿಟ್ಟು ಒಂದೇ ಏಟಿಗೆ ತಳ್ಳಿದಳು.

"ಉರೀ" ಎಂದರು ಅತ್ತೆ. ಆಮೇಲೆ, "ಕಣ್ಣು ಕತ್ತಲೆ ಬರ್ತಿದೆ ಕಣೇ" ಎಂದರು. ಆಮೇಲೆ ಏನೂ ಅನ್ನಲಿಲ್ಲ.

ತಲೆಯ ಹತ್ತಿರ ಇದ್ದ ಮೆಷಿನ್ನಿನಲ್ಲಿ ನಾಡಿಯ ಹಸಿರು ಸಂಖ್ಯೆ ಇಳಿಯತೊಡಗಿತು. ಎಂಬತ್ತರ ಮೇಲಿದ್ದದ್ದು ಅರವತ್ತಾಯಿತು, ಐವತ್ತಾಯಿತು, ಇನ್ನೂ ಇಳಿಯಿತು. ಕೀ ಕೀ ಎಂದು ಕೂಗಲು ಶುರು ಮಾಡಿತು. ಅತ್ತೆಯ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಸೊಸೆ ಯಾರನ್ನು ಕರೆಯಬೇಕೆಂದು ತಿಳಿಯದೆ "ಅತ್ತೆ, ಅತ್ತೆ" ಎಂದು ಅವರನ್ನೇ ಕರೆದಳು. ಡಾಕ್ಟರು ಓಡಿಬಂದರು. ಕಾಲು ಎತ್ತಿಸಿದರು, ಇನ್ನೇನೋ ಔಷಧಿ ಕೊಟ್ಟರು, ಬೆರಳು ಅತ್ತೆಯ ಕತ್ತಿನ ಮೇಲಿಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಸಂಖ್ಯೆ ಮೇಲೆ ಬಂತು. ಅತ್ತೆ ಕಣ್ಣು ಬಿಟ್ಟು, "ಯಾಕೆ ಎಲ್ಲಾ ನನ್ನ ಮುಖಾನೇ ನೋಡ್ತಿದ್ದೀರಾ?" ಎಂದರು.

ಡಾಕ್ಟರು ಸಿಸ್ಟರನ್ನು ಆಚೆ ಕರೆದುಕೊಂಡು ಹೋದರು. ಗಾಜಿನ ಬಾಗಿಲ ಹಿಂದೆ ಅವರ ಕೈ ಮೇಲೆ ಕೆಳಗೆ ಆಡುವುದು ಕಂಡಿತು. "ಸಲೈನ್ ಸೇರಿಸೋಕೆ ಏನು ಕಷ್ಟ?" ಎಂದದ್ದು ಕೇಳಿಸಿತು. "ಕತ್ತೆ ಕಾಯ್ತಿದ್ರಾ?" ಎಂದದ್ದೂ ಕೇಳಿಸಿತು. ಸಿಸ್ಟರ್ ತಲೆ ತಗ್ಗಿಸಿ ನಿಂತಿದ್ದಳು. ನಡುವೆ ಡಾಕ್ಟರ ಫೋನು ಹೊಡೆದುಕೊಂಡಿತು. ಇನ್ನೊಂದು ಆಸ್ಪತ್ರೆಯಲ್ಲಿ ಅಪಘಾತದ ಕೇಸು, ತಕ್ಷಣ ಬರಬೇಕಂತೆ. ಅವರು ಕೋಟು ಬಿಚ್ಚುತ್ತಲೇ ಬಾಗಿಲಲ್ಲಿ ತಲೆ ಹಾಕಿ ಸೊಸೆಯನ್ನು ಕರೆದರು.

"ಮಧ್ಯಾಹ್ನ ಇನ್ನೊಂದು ಡೋಸ್ ಇದೆ. ಅದನ್ನ ನಿಧಾನಕ್ಕೆ ಕೊಡಬೇಕು. ಇವಳ ಡ್ಯೂಟಿ ಈಗ ಮುಗೀತು, ಮುಂದಿನ ಸಿಸ್ಟರ್‌ಗೆ ನೀವೂ ಒಂದು ಮಾತು ಹೇಳಿಬಿಡಿ. ನಿಧಾನಕ್ಕೆ. ಆಯ್ತಾ?"

"ಆಯ್ತು ಸರ್. ನಿಧಾನಕ್ಕೆ."

ಹಗಲು ಡ್ಯೂಟಿಗೆ ಬಂದ ಸಿಸ್ಟರ್ ಬೇರೆ ಥರದವಳು. ದಪ್ಪಗೆ, ಚುರುಕಾಗಿ, ಬಾಯಿ ತುಂಬ ಮಾತು. ಜೊತೆಯವಳು ರಜೆ ಹಾಕಿದ್ದರಿಂದ ಇಡೀ ಮಹಡಿಗೆ ಅವಳೊಬ್ಬಳೇ. ಹೆರಿಗೆ ಕೋಣೆಯಲ್ಲಿ ಚೊಚ್ಚಲ ಹೆರಿಗೆಯ ಹೆಣ್ಣು ನೋವು ತಿನ್ನುತ್ತಿದ್ದಳು, ಅವಳ ಕೂಗು ಆಗಾಗ ಹಜಾರ ದಾಟಿ ಇಲ್ಲಿಗೂ ಬರುತ್ತಿತ್ತು. ಸಿಸ್ಟರ್ ಬಂದವಳೇ ಅತ್ತೆಯ ದಿಂಬು ಸರಿ ಮಾಡಿ, "ಏನಮ್ಮಾ, ಹೊಟ್ಟೆಯೊಳಗೆ ಕಾರ್ಖಾನೆ ಇಟ್ಕೊಂಡಿದ್ದೀರಂತೆ" ಎಂದಳು.

"ಇವಳು ಪರವಾಗಿಲ್ಲ" ಎಂದರು ಅತ್ತೆ, ಸೊಸೆಗೆ ಮಾತ್ರ ಕೇಳುವಷ್ಟು ಮೆತ್ತಗೆ.

ಸೊಸೆ ಸಿಸ್ಟರ್ ಹಿಂದೆಯೇ ಬಾಗಿಲ ತನಕ ಹೋದಳು. "ಸಿಸ್ಟರ್, ಮಧ್ಯಾಹ್ನದ ಇಂಜೆಕ್ಷನ್ ನಿಧಾನಕ್ಕೆ ಕೊಡಬೇಕಂತೆ. ಡಾಕ್ಟ್ರು ಹೇಳಿ ಹೋದ್ರು."

"ನಿಧಾನಕ್ಕಾ?"

"ಹೂಂ, ನಿಧಾನಕ್ಕೆ. ಎರಡೆರಡು ಸಲ ಹೇಳಿದ್ರು."

"ಸರಿ, ಹಾಗೇ ಮಾಡೋಣ. ಒಳ್ಳೇದಾಯ್ತು ನೀವು ಹೇಳಿದ್ದು."

ಸೊಸೆಗೆ ದೊಡ್ಡ ಮೂಟೆ ಇಳಿಸಿದ ಹಾಗಾಯಿತು. ತನ್ನ ಪಾಲಿನ ಕೆಲಸ ಒಂದಾದರೂ ಸರಿಯಾಗಿ ಆಯಿತು.

ಆದರೆ ಹೊತ್ತು ಏರಿದ ಹಾಗೆ ಹೆದರಿಕೆಯೂ ಏರಿತು. ಬೆಳಿಗ್ಗೆ ಕಂಡದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ಹೆಬ್ಬೆರಳು, ಸಿರಿಂಜಿನ ಹಿಡಿ ಒಂದೇ ಸಲಕ್ಕೆ ತಳ ಮುಟ್ಟಿದ್ದು, ಹಸಿರು ಸಂಖ್ಯೆ ಮೆಟ್ಟಿಲಿಳಿದ ಹಾಗೆ ಇಳಿದದ್ದು. ಇವಳಿಗೂ ಕೈತುಂಬ ಕೆಲಸ, ಇವಳನ್ನೂ ಆಯಾ ಕೂಗುತ್ತಾಳೆ. ನಿಧಾನಕ್ಕೆ ಎಂದು ಹೇಳಿದ್ದೇನೋ ಹೌದು, ಆ ಹೊತ್ತಿಗೆ ನೆನಪಿರಬೇಕಲ್ಲ. ಮರೆತು ತಳ್ಳಿದರೆ ಕೈ ಹಿಡಿದುಬಿಡಬೇಕು ಎಂದು ಸೊಸೆ ತೀರ್ಮಾನಿಸಿದಳು. ಹಿಡಿಯುವುದು ಹೇಗೆ ಎಂದೂ ಮನಸ್ಸಿನಲ್ಲೇ ಮಾಡಿ ನೋಡಿಕೊಂಡಳು. ಹಜಾರದಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದಳು. ಸದ್ದು ಮುಂದಕ್ಕೆ ಹೋದರೆ ಮತ್ತೆ ಕೂರುತ್ತಿದ್ದಳು.

"ಒಂದು ಗುಟುಕು ಟೀ ಕೊಡಿಸೇ" ಎಂದರು ಅತ್ತೆ.

"ಬಾಯಿಗೆ ಏನೂ ಹಾಕಬಾರದಂತೆ."

"ಟೀ ಏನು ಕಲ್ಲಾ? ನೀರಿನ ಹಾಗೆ ಇಳಿದು ಹೋಗತ್ತೆ."

"ನೀರೂ ಬೇಡ ಅಂದಿದ್ದಾರೆ ಅತ್ತೆ." ಸೊಸೆ ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚಿದಳು. ಅತ್ತೆ ಆ ಹತ್ತಿಯನ್ನೇ ಚೀಪಲು ನೋಡಿದರು.

"ಮಾತ್ರೆ ವಿಷಯ ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದೆ."

"ಎರಡೆರಡು ನುಂಗ್ತಿದ್ದೆ ಅಂತ?"

"ಹೇಳಲೇಬೇಕಿತ್ತು."

"ಮಾನ ತೆಗೆದೆ." ಅತ್ತೆ ಮತ್ತೆ ಶುರು ಮಾಡಿದರು. "ಕಿಟಕಿ ಹತ್ರ ಇರೋ ಗಂಟಿನಲ್ಲಿ ಕಾಲರ್ ಕೂರಿಸಿಲ್ಲದ ಅಂಗಿಗಳಿವೆ. ಯಾರಾದ್ರೂ ಕೇಳ್ಕೊಂಡು ಬಂದ್ರೆ ಇನ್ನೆರಡು ದಿನ ಅನ್ನು. ಕಾಯಿಲೆ ಅಂತ ಹೇಳಬೇಡ. ಹೇಳಿದ್ರೆ ಬೇರೆ ಟೈಲರ್ ಹತ್ರ ಹೋಗ್ತಾರೆ."

"ಎರಡು ದಿನದಲ್ಲಿ ಎದ್ದು ತುಳೀತೀರಾ?"

"ನೀನು ತುಳಿ. ಕಾಲಿದೆಯಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೆರಡು ದಾಟಿತು. ಒಂದಾಯಿತು. ಸಿಸ್ಟರ್ ತೋಳಿನ ತನಕ ಕೈಗವಸು ಹಾಕಿಕೊಂಡು ಹಜಾರದಲ್ಲಿ ಓಡುತ್ತಿದ್ದಳು. ಸೊಸೆ ಬಾಗಿಲಿಗೆ ಬಂದು, "ಸಿಸ್ಟರ್, ಇಂಜೆಕ್ಷನ್ನು..." ಎಂದಳು.

"ನೆನಪಿದೆ, ನೆನಪಿದೆ. ನಿಧಾನಕ್ಕೆ!" ಎಂದು ಸಿಸ್ಟರ್ ನಕ್ಕು ಮುಂದಕ್ಕೋಡಿದಳು.

ನೆನಪಿಟ್ಟುಕೊಂಡಿದ್ದಾಳೆ. ಸೊಸೆ ಮತ್ತೆ ಸ್ಟೂಲಿನ ಮೇಲೆ ಬಂದು ಕೂತಳು. ನಿಜ ಹೇಳಬೇಕೆಂದರೆ ಸಿಸ್ಟರ್ ಒಳಗೆ ಬಾರದೆ ಹೋದದ್ದು ಅವಳಿಗೆ ಹಿತವೇ ಆಯಿತು. ಒಂದು ಡೋಸ್ ಹಿಂದೆ ಮುಂದೆ ಆದರೆ ಏನಂತೆ? ಅಂಗಡಿಗೆ ಬರುವವರು ದಿನಗಟ್ಟಲೆ ಮಾತ್ರೆ ಮರೆತು ಬಂದು ಇನ್ನೊಂದು ಸ್ಟ್ರಿಪ್ ಕೇಳುತ್ತಾರೆ, ಯಾರೂ ಸತ್ತಿಲ್ಲ. ಆ ಸೂಜಿಯೇ ಅಪಾಯ. ಬಾರದಿದ್ದಷ್ಟು ಹೊತ್ತು ಅತ್ತೆ ಕ್ಷೇಮ.

ಅವಳು ಮೆಷಿನ್ನಿನ ಮೇಲೆ ಕಣ್ಣಿಟ್ಟಳು. ಹಸಿರು ಸಂಖ್ಯೆ ತೊಂಬತ್ತು ಇತ್ತು. ಎರಡರ ಹೊತ್ತಿಗೆ ತೊಂಬತ್ತೆಂಟಾಯಿತು. ಮೂರರ ಹೊತ್ತಿಗೆ ನೂರಾ ಆರು. ಪರವಾಗಿಲ್ಲ, ಮೇಲಕ್ಕೇ ಹೋಗುತ್ತಿದೆ. ಇಳಿದಾಗಲೇ ಅಲ್ಲವೇ ಬೆಳಿಗ್ಗೆ ಎಲ್ಲರೂ ಎದ್ದುಬಿದ್ದು ಓಡಿ ಬಂದದ್ದು? ಏರುತ್ತಿದೆ ಎಂದರೆ ಮೈಯಲ್ಲಿ ಬಲ ಬರುತ್ತಿದೆ ಎಂದೇ ಲೆಕ್ಕ. "ಅತ್ತೆ, ನಾಡಿ ಚೆನ್ನಾಗಿದೆ" ಎಂದು ಖುಷಿಯಿಂದ ಹೇಳಿದಳು.

"ಒಳಗೆ ಉರೀತಿದೆ" ಎಂದರು ಅತ್ತೆ. "ಬೆಳಿಗ್ಗೆ ನಿಂತಿತ್ತು. ಈಗ ಮತ್ತೆ ಒಲೆ ಹೊತ್ತಿದೆ."

"ಏನೂ ತಿಂದಿಲ್ಲವಲ್ಲ, ಅದಕ್ಕೇ."

ಅತ್ತೆ ಉತ್ತರ ಕೊಡಲಿಲ್ಲ. ಅವರು ಉತ್ತರ ಕೊಡದೆ ಇರುವುದು ಅಪರೂಪ. ಸೊಸೆ ಬಗ್ಗಿ ನೋಡಿದಳು. ತುಟಿ ಬಿಳಚಿಕೊಂಡಿತ್ತು. ನಿದ್ದೆ ಬಂದಿರಬೇಕು, ಬೆಳಗಿನ ಜಾವದಿಂದ ಎಚ್ಚರ ಎಂದುಕೊಂಡಳು.

ನಾಲ್ಕರ ಹತ್ತಿರ ಗಂಡನ ಫೋನು ಬಂತು. ಲಾರಿಯ ಇಂಜಿನ್ ಸದ್ದಿನ ನಡುವೆ ಅವನು ಕೂಗಿ ಮಾತಾಡುತ್ತಿದ್ದ.

"ಅಮ್ಮ ಹೇಗಿದ್ದಾಳೆ ಕಣೇ?"

"ಇಷ್ಟೊತ್ತೂ ಮಾತಾಡ್ತಿದ್ರು, ಈಗ ಮಲಗಿದ್ದಾರೆ. ನಿಮ್ಮದು ಎಲ್ಲಿಗೆ ಬಂತು?"

"ಲೋಡ್ ಇಳಿಸದೇ ತಿರುಗಿಸ್ಕೊಂಡು ಬರ್ತಾ ಇದ್ದೀನಿ. ಸೇಠು ಬಾಯಿಗೆ ಬಂದ ಹಾಗೆ ಬೈತಿದ್ದಾನೆ. ಬೈಕೊಳ್ಳಲಿ."

ತುಂಬಿದ ಲಾರಿ, ಗಾಬರಿಯಲ್ಲಿರುವ ಗಂಡ. ಸೊಸೆಗೆ ಇನ್ನೊಂದು ಹೆದರಿಕೆ ಹತ್ತಿಕೊಂಡಿತು. "ಸಂಜೆ ಸ್ಕೋಪ್ ಡಾಕ್ಟ್ರು ಬರ್ತಾರೆ. ನೀವು ನಿಧಾನಕ್ಕೆ ಬನ್ನಿ."

ಗಂಡ ಇನ್ನೂ ಜೋರಾಗಿ ಕೂಗಿದ.

"ನಿಧಾನಕ್ಕಾ? ಅವಸರ ಏನೂ ಇಲ್ವಾ ಹಾಗಾದ್ರೆ? ಅದನ್ನ ಮೊದಲೇ ಬೊಗಳಬಾರದಾ! ಇಲ್ಲೇ ಪಕ್ಕದಲ್ಲಿ ಸೇಠು ಗೋಡೌನಿದೆ, ಇಳಿಸಿಬಿಟ್ಟು ರಾತ್ರಿ ಮೇಲೆ ಬರ್ತೀನಿ."

"ಅಯ್ಯೋ, ಹಾಗಲ್ಲ ರೀ! ಲಾರಿ ನಿಧಾನಕ್ಕೆ ಓಡಿಸಿ ಅಂದೆ. ತಡ ಮಾಡಿ ಬನ್ನಿ ಅಂದೆನಾ? ಬೇಗ ಬನ್ನಿ."

"ಬೇಗ ಬರಲೋ ನಿಧಾನಕ್ಕೆ ಬರಲೋ? ಒಂದು ಹೇಳು. ನಿಧಾನಕ್ಕೆ ಬನ್ನಿ ಅಂದ್ರೆ ಯಾರಾದ್ರೂ ಏನು ತಿಳ್ಕೋತಾರೆ?"

ಸೊಸೆ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಅಂದು ನೋಡಿದಳು. ನಿಧಾನಕ್ಕೆ ಬನ್ನಿ ಎಂದರೆ ಅವಸರವಿಲ್ಲ, ಬಿಡುವಾದಾಗ ಬನ್ನಿ ಎಂದು ತಿಳಿದುಕೊಳ್ಳುತ್ತಾರೆ. ನಿಧಾನಕ್ಕೆ ಕೊಡಿ ಎಂದರೂ ಅಷ್ಟೇ. ಸಾಲ ಕೊಟ್ಟವರು ಹಾಗೇ ಅನ್ನುತ್ತಾರೆ. ಅಂಗಡಿಯ ಕೌಂಟರಿನಲ್ಲಿ ಚಿಲ್ಲರೆ ಇಲ್ಲದವರಿಗೆ ಅವಳೇ ಎಷ್ಟು ಸಲ ಅಂದಿದ್ದಾಳೆ, "ಇರಲಿ, ನಿಧಾನಕ್ಕೆ ಕೊಡಿ." ತಳ್ಳುವ ಮಾತೇ ಅವಳ ಬಾಯಿಂದ ಬಂದಿರಲಿಲ್ಲ. ಬೆಳಿಗ್ಗೆ ಏನು ನಡೆಯಿತೆಂದೂ ಈ ಸಿಸ್ಟರ್‌ಗೆ ಹೇಳಿರಲಿಲ್ಲ. ನೆನಪಿದೆ ನೆನಪಿದೆ ಎಂದು ಸಿಸ್ಟರ್ ನಕ್ಕಿದ್ದು ಯಾಕೆಂದು ಈಗ ತಿಳಿಯಿತು.

ಫೋನಿನಲ್ಲಿ ಗಂಡ "ಹಲೋ, ಹಲೋ" ಎನ್ನುತ್ತಿದ್ದ. ಅವಳು ಅದನ್ನು ಮಂಚದ ಮೇಲೆ ಎಸೆದು ಓಡಿದಳು.

ಹೆರಿಗೆ ಕೋಣೆಯ ಬಾಗಿಲಿಗೆ ಆಯಾ ಅಡ್ಡ ನಿಂತಳು. "ಎಲ್ಲಿಗೆ ನುಗ್ತಿದ್ದೀ? ಒಳಗೆ ಹೋಗಬಾರದು."

"ಸಿಸ್ಟರ್ ಬೇಕು."

"ಮಗು ತಲೆ ಕಾಣಿಸ್ತಿದೆ. ಈಗ ಸಿಸ್ಟರ್ ಎಲ್ಲಿಂದ ತರಲಿ? ನಿನಗೆ ಬುದ್ಧಿಗಿದ್ದಿ ಇದೆಯಾ?"

ಸೊಸೆ ಆಯಾಳ ಭುಜದ ಮೇಲಿಂದ ಒಳಕ್ಕೆ ಕೂಗಿದಳು. "ಸಿಸ್ಟರ್! ಇಂಜೆಕ್ಷನ್ ಕೊಟ್ಟೇ ಇಲ್ಲ ನೀವು!"

ಒಳಗಿಂದ ಸಿಸ್ಟರ್‌ನ ದನಿ, ಸಿಡುಕಿನಲ್ಲಿ. "ನೀವೇ ತಾನೇ ಹೇಳಿದ್ದು, ನಿಧಾನಕ್ಕೆ ಕೊಡಿ ಅಂತ?"

"ತಳ್ಳೋದು ನಿಧಾನ ಸಿಸ್ಟರ್! ತಳ್ಳೋದು! ಕೊಡೋದು ಮಧ್ಯಾಹ್ನಕ್ಕೇ!"

ಬಾಗಿಲು ತೆರೆಯಿತು. ಸಿಸ್ಟರ್‌ನ ಮುಖದಲ್ಲಿ ಬೆಳಗಿನ ನಗು ಹೇಳಹೆಸರಿಲ್ಲದೆ ಹೋಗಿತ್ತು.

"ನಾಡಿ ಎಷ್ಟಿದೆ?"

"ಅದು ಚೆನ್ನಾಗಿದೆ. ನೂರಾ ಹದಿನೆಂಟು."

ಸಿಸ್ಟರ್ ಕೈಗವಸನ್ನು ಸೆಳೆದು ಕಿತ್ತು ನೆಲಕ್ಕೆ ಹಾಕಿದಳು. "ಅದು ಚೆನ್ನಾಗಿರೋದಲ್ಲ" ಎಂದಳು. "ಒಳಗೆ ರಕ್ತ ಹೋಗ್ತಿದ್ರೆ ಹಾಗೆ ಏರತ್ತೆ." ಆಯಾಗೆ ಏನೋ ಹೇಳಿ ಓಡಿದಳು. ಹೆರಿಗೆ ಕೋಣೆಯ ಹೆಣ್ಣು ಹಿಂದಿನಿಂದ "ನನ್ನ ಬಿಟ್ಟು ಹೋಗಬೇಡಿ" ಎಂದ ಕೂಗು ಇಬ್ಬರಿಗೂ ಕೇಳಿಸಿತು.

ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿ ಸ್ಪೀಕರಿನಲ್ಲಿಟ್ಟು ತಟ್ಟೆಯ ಪಕ್ಕ ಮಲಗಿಸಿದಳು. ತೂಗುಹಾಕಿದ್ದ ಸಲೈನ್ ಬಾಟಲಿಯ ನಳಿಕೆಯನ್ನು ಪೂರ್ತಿ ತೆರೆದಳು. ಆಂಪೂಲಿನ ಕತ್ತು ಮುರಿದಳು, ದೊಡ್ಡ ಸಿರಿಂಜಿಗೆ ಎಳೆದುಕೊಂಡಳು, ಅದರ ಮೇಲೆ ಸಲೈನ್ ಎಳೆದು ತೆಳು ಮಾಡಿದಳು. ಸ್ಟೂಲೆಳೆದು ಕೂತು ಸಿರಿಂಜನ್ನು ನರದ ಸೂಜಿಗೆ ಕೂರಿಸಿ ಹೆಬ್ಬೆರಳನ್ನು ಹಿಡಿಯ ಮೇಲಿಟ್ಟಳು. ಹಿಡಿ ಒಂದು ಗೆರೆ ಸರಿಯಿತು. ನಿಂತಿತು. ಇನ್ನೊಂದು ಗೆರೆ.

"ಬೇಗ ಸಿಸ್ಟರ್" ಎಂದಳು ಸೊಸೆ.

"ಇದನ್ನ ಬೇಗ ಕೊಡೋಕಾಗಲ್ಲ."

"ಗೊತ್ತು. ಆದ್ರೂ ಬೇಗ."

ಬೆಳಗಿನಿಂದ ಯಾವ ಹೆಬ್ಬೆರಳು ಓಡದಿರಲಿ ಎಂದು ಕಾದಿದ್ದಳೋ ಆ ಹೆಬ್ಬೆರಳು ಈಗ ಇರುವೆಯ ಹಾಗೆ ತೆವಳುವುದನ್ನು ನೋಡಲು ಅವಳಿಗೆ ಆಗಲಿಲ್ಲ. ತಾನೇ ಕಿತ್ತುಕೊಂಡು ತಳ್ಳಿಬಿಡಬೇಕು ಎನ್ನಿಸಿ ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಫೋನಿನಲ್ಲಿ ಡಾಕ್ಟರು, "ಹತ್ತು ನಿಮಿಷದಲ್ಲಿದ್ದೀನಿ, ಆಂಬ್ಯುಲೆನ್ಸ್ ಕರೀರಿ, ರಕ್ತಕ್ಕೆ ಹೇಳಿ" ಎನ್ನುತ್ತಿದ್ದರು. ಸಿರಿಂಜು ಅರ್ಧ ಆಗಿತ್ತೋ ಇಲ್ಲವೋ, ಅತ್ತೆ ಕಣ್ಣು ಬಿಟ್ಟು ಎದ್ದು ಕೂರಲು ನೋಡಿದರು.

"ಬಕೆಟ್" ಎಂದರು.

ಬಕೆಟ್ ತರುವಷ್ಟರಲ್ಲಿ ಆಗಿಹೋಯಿತು. ಬೆಳಗಿನ ಕಪ್ಪು ಅಲ್ಲ, ಹಸಿ ಕೆಂಪು. ಹೊದಿಕೆಯ ಮೇಲೆ, ಸಿಸ್ಟರ್‌ನ ಮಡಿಲ ಮೇಲೆ, ನೆಲದ ಮೇಲೆ. ಬೆಚ್ಚಗಿತ್ತು. ಸಿಸ್ಟರ್ ಒಂದು ಕೈಯಲ್ಲಿ ಸಿರಿಂಜು ಹಿಡಿದು ಇನ್ನೊಂದು ಕೈಯಲ್ಲಿ ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿದಳು. ಅತ್ತೆ ಬಾಯಿ ಒರೆಸಿಕೊಳ್ಳಲು ಕೈ ಎತ್ತಿದರು, ಅದು ಅರ್ಧಕ್ಕೇ ಬಿತ್ತು.

ಆಮೇಲಿನದೆಲ್ಲ ಸೊಸೆಗೆ ತುಂಡು ತುಂಡಾಗಿ ನೆನಪು. ಆಂಬ್ಯುಲೆನ್ಸಿನ ಹಿಂಬಾಗಿಲು. ದೊಡ್ಡ ಆಸ್ಪತ್ರೆಯ ಉದ್ದನೆಯ ಬೆಂಚು. ಸ್ಕೋಪ್ ಇಳಿಸಿ ನೋಡಿದರು, ಒಳಗೆ ರಕ್ತ ಬಿಟ್ಟರೆ ಬೇರೇನೂ ಕಾಣಲಿಲ್ಲವಂತೆ. ಹೊಟ್ಟೆ ಕೊಯ್ಯಬೇಕು, ಸಹಿ ಹಾಕಿ ಎಂದರು. ಗಂಡ ಬಂದ, ಲೋಡು ತುಂಬಿದ ಲಾರಿಯನ್ನು ಆಸ್ಪತ್ರೆ ಗೇಟಿಗೆ ಅಡ್ಡ ನಿಲ್ಲಿಸಿ. ವಾಚ್‌ಮನ್ ಜೊತೆ ಜಗಳವಾಡುವ ಅವನ ದನಿ ಮೊದಲು ಬಂತು, ಆಮೇಲೆ ಅವನು. ಏನಾಯಿತೆಂದು ಕೇಳಿದ. ಅವಳು ಹೇಳಿದಳು. ಪೂರ್ತಿ ಹೇಳಿದಳು, ತಾನು ಅಂದ ಮಾತನ್ನೂ. ಅವನು ಬೈಯಲಿಲ್ಲ. ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತ.

ಅರ್ಧ ಹೊಟ್ಟೆ ಕತ್ತರಿಸಿ ತೆಗೆದರು, ಅತ್ತೆ ಉಳಿದರು.

ಅತ್ತೆಯನ್ನು ವಾರ್ಡಿಗೆ ಬಿಟ್ಟ ಮೇಲೆ ಸೊಸೆ ಹಳೆಯ ರಿಪೋರ್ಟು ತರಲೆಂದು ಆ ನರ್ಸಿಂಗ್ ಹೋಮಿಗೆ ಹೋದಳು. ಕೌಂಟರಿನಲ್ಲಿ ಹೊಸ ಮುಖ. ಡಾಕ್ಟರು ಮೆಟ್ಟಿಲಲ್ಲಿ ಸಿಕ್ಕಿದರು.

"ಸರ್, ಆವತ್ತು ಮಧ್ಯಾಹ್ನವೇ ಇಂಜೆಕ್ಷನ್ ಕೊಟ್ಟಿದ್ರೆ ನಿಲ್ತಿತ್ತಾ?"

"ಹೇಳೋಕಾಗಲ್ಲಮ್ಮ. ಕೊಟ್ಟಿದ್ರೂ ಒಡೀಬಹುದಿತ್ತು. ಕೊಟ್ಟಿದ್ರೆ ನಿಲ್ಲಲೂಬಹುದಿತ್ತು."

"ಆ ಸಿಸ್ಟರ್ ಎಲ್ಲಿ?"

"ಕಳಿಸಿಬಿಟ್ಟೆ. ಚಾರ್ಟಿನಲ್ಲಿ ಹನ್ನೆರಡು ಅಂತ ಇದ್ದಾಗ, ಯಾರೋ ಬಂದು ಒಂದು ಮಾತು ಅಂದ್ರು ಅಂತ ನಿಲ್ಲಿಸೋದಾ? ನನಗೆ ಒಂದು ಫೋನ್ ಮಾಡಬಾರದಾ?"

"ಯಾರೋ ಅಲ್ಲ ಸರ್, ನಾನು. ನೀವು ಹೇಳು ಅಂದ ಮಾತನ್ನೇ ಹೇಳಿದೆ. ಆ ಸಿಸ್ಟರ್‌ಗೆ ಕೇಳಿಸಿದ್ದೂ ಅದೇ ಮಾತು."

"ನಾನು ಹೇಳಿದ್ದು ತಳ್ಳೋದನ್ನ."

"ತಳ್ಳೋದು ಅಂತ ನೀವೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಬರೆದಾದರೂ ಹೋಗಬೇಕಿತ್ತು ನೀವು."

ಡಾಕ್ಟರು ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಕೆಳಗೆ ಕಾಲಿಟ್ಟು ನಿಂತಿದ್ದರು. "ಬರೀಬೇಕಿತ್ತು" ಎಂದರು. ಆಮೇಲೆ ಮೇಲಕ್ಕೆ ಹೋದರು. ಸಿಸ್ಟರನ್ನು ಮತ್ತೆ ಕರೆಸುತ್ತೇನೆ ಎನ್ನಲಿಲ್ಲ.

ಅತ್ತೆಗೆ ವಿಷಯ ಹೇಳಿದವನು ಗಂಡ. ಹೇಳದೆ ಇರಲು ಅವನಿಂದ ಆಗಲಿಲ್ಲ. ಅದಾದ ಮೇಲೆ ಅತ್ತೆ ಸೊಸೆಯ ಕೈಯಿಂದ ಗಂಜಿ ಕುಡಿಯುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ನಾಲ್ಕು ಚಮಚಕ್ಕೆ ಸಾಕು ಎಂದು ತಲೆ ತಿರುಗಿಸುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಟ್ಟಲು ಕೆಳಗಿಟ್ಟು ಸೊಸೆ ಹೇಳಿಯೇಬಿಟ್ಟಳು.

"ಅತ್ತೆ, ನನ್ನದು ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಅತ್ತೆ ಗೋಡೆಯ ಕಡೆ ನೋಡಿಕೊಂಡೇ ಇದ್ದರು.

"ಇರೋದೇ ಅರ್ಧ ಹೊಟ್ಟೆ" ಎಂದರು. "ಅದರಲ್ಲಿ ಗಂಜಿ ಹಾಕ್ಕೊಳ್ಳಲೋ, ನಿನ್ನ ತಪ್ಪು ಹಾಕ್ಕೊಳ್ಳಲೋ?"

ಪಕ್ಕದ ಮಂಚದವಳು ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಸೊಸೆ ಬಟ್ಟಲು ತೊಳೆಯಲು ಎದ್ದು ಹೋದಳು.

ಹೋದದ್ದು ಏಳು ಬಾಟಲಿ ರಕ್ತ, ಅರ್ಧ ಹೊಟ್ಟೆ, ಒಬ್ಬ ಸಿಸ್ಟರ್‌ನ ಕೆಲಸ, ನಾಲ್ಕು ಗಂಟೆ ಹೊತ್ತು.